ಕೈ ಹಚ್ಚಿದವಳ ತಾಸು

ಒಂದು ತೊಗಲಿನ ಚೀಲ ಹೊಲಿಯಲು ಎಷ್ಟು ತಾಸು ಹಿಡಿಯುತ್ತದೆ ಎಂದು ಗುಡ್ಡವ್ವನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ರೋಣದ ಸುವರ್ಣಾ ಕೇಳಿದಾಗ ಅವಳು ನಕ್ಕುಬಿಟ್ಟಿದ್ದಳು.

"ತಾಸು ಯಾರು ಎಣಿಸ್ಯಾರ್ರಿ ಅಕ್ಕಾರ? ಮುಂಜಾನಿ ಕುಂತ್ರ ಒಲಿ ಕರೀತೈತಿ. ಒಲಿ ಮುಗಿಸಿ ಕುಂತ್ರ ನಳದಾಗ ನೀರು ಬಿಡ್ತಾರ. ನಡುವ ಯಾರರ ಹೊಲಕ್ಕ ಕರದ್ರ ಎದ್ದು ಹೋಗೂದು. ಚೀಲ ಮುಗದಾಗ ಮುಗೀತೈತಿ."

"ಹಂಗಂದ್ರ ಬೆಲಿ ಕಟ್ಟೋದು ಹ್ಯಾಂಗ ಗುಡ್ಡವ್ವಾರ? ತೊಗಲಿಗೆ ಇಷ್ಟು, ಒಳಗಿನ ಅಸ್ತರಿಗೆ ಇಷ್ಟು, ಬಕಲ್ಲಿಗೆ ಇಷ್ಟು ಅಂತ ಬರದೇನು. ನಿಮ್ಮ ಕೈಗೆ ಎಷ್ಟು ಅಂತ ಬರೀಲಿ? ನಾ ಮತ್ತ ಬರೂದ್ರಾಗ ಎಣಿಸಿ ಇಡ್ರಿ."

ಸುವರ್ಣಾ ರೋಣದ ಕಾಳಿನ ವ್ಯಾಪಾರಸ್ಥರ ಮನೆಯ ಹೆಣ್ಣುಮಗಳು. ಹುಬ್ಬಳ್ಳಿಯ ಒಂದು ದೊಡ್ಡ ಅಂಗಡಿಗೆ ಸುತ್ತಲಿನ ಹಳ್ಳಿಗಳಿಂದ ಕೈಕೆಲಸದ ಸಾಮಾನು ಕೊಡಿಸುತ್ತಿದ್ದಳು. ಪೇಟೆಯ ಮಂದಿಯಲ್ಲಿ ಗುಡ್ಡವ್ವನನ್ನು ಬಹುವಚನ ಹಚ್ಚಿ ಮಾತಾಡಿಸಿದವಳು ಅವಳೊಬ್ಬಳೇ. ಮೊದಲ ಸಲ 'ಗುಡ್ಡವ್ವಾರ' ಎಂದಾಗ ಗುಡ್ಡವ್ವ ತನ್ನ ಹಿಂದೆ ಯಾರೋ ನಿಂತಿರಬೇಕೆಂದು ತಿರುಗಿ ನೋಡಿದ್ದಳು.

ಸವಡಿಯ ಆ ಓಣಿಯಲ್ಲಿ ತೊಗಲಿನ ಕೆಲಸ ಉಳಿದದ್ದು ಅವಳ ಮನೆಯೊಂದರಲ್ಲೇ. ಗಂಡ ಹೊಳಿಯಪ್ಪ ಇರುವ ತನಕ ಅಲ್ಲಿ ಚಪ್ಪಲಿ ಆಗುತ್ತಿದ್ದವು. ಅವನು ಅಂಗಳದಲ್ಲಿ ಕುಳಿತು ಬಂದವರ ಪಾದದ ಅಳತೆ ತೆಗೆದುಕೊಂಡು, ರಂಪಿಯಿಂದ ತೊಗಲು ಕತ್ತರಿಸುತ್ತಿದ್ದ. ಮುಂದಿನದೆಲ್ಲ ಒಳಗೆ ಕುಳಿತ ಗುಡ್ಡವ್ವನ ಕೆಲಸ: ಅಟ್ಟೆ ಅಂಟಿಸುವುದು, ಬಡಿಯುವುದು, ಹೊಲಿಯುವುದು, ಬಾರಿಗೆ ಜಡೆ ಹೆಣೆಯುವುದು. ಸುಗ್ಗಿ ಮುಗಿದ ಮೇಲೆ ಒಕ್ಕಲಿಗರು ಜೋಳದ ಚೀಲವನ್ನು ಹೊಳಿಯಪ್ಪನ ಮುಂದೆ ಇಳಿಸುತ್ತಿದ್ದರು. ಆಮೇಲೆ ರೊಕ್ಕದ ಕಾಲ ಬಂದಾಗ ಬೆಲೆ ಹೇಳುವವನೂ ಅವನೇ. ಊರ ಬಾಯಲ್ಲಿ ಅದು ಹೊಳಿಯಪ್ಪನ ಚಪ್ಪಲಿ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಯಾರೂ ಒಳಗೆ ಇಣುಕಿ, ಇದನ್ನು ಹೆಣೆದವರು ಯಾರು ಎಂದು ಕೇಳಿದ್ದಿಲ್ಲ.

ಮೂರು ವರ್ಷದ ಕೆಳಗೆ ಅವನು ತೀರಿಕೊಂಡ. ಚಪ್ಪಲಿ ಕೇಳುವವರು ಮೊದಲೇ ಕಡಿಮೆಯಾಗಿದ್ದರು. ಉಳಿದ ತೊಗಲನ್ನು ಏನು ಮಾಡುವುದೆಂದು ತಿಳಿಯದೆ ಗುಡ್ಡವ್ವ ರಂಪಿಯನ್ನು ತಾನೇ ಹಿಡಿದಳು. ಮೊದಲು ಎರಡು ತುಂಡು ಕೆಡಿಸಿದಳು. ಮೂರನೆಯದು ಸಂತೆಗೆ ಒಯ್ಯುವ ಚೀಲವಾಯಿತು. ರೋಣದ ಪೇಟೆಯಲ್ಲಿ ಅದನ್ನು ಅವಳ ಹೆಗಲಲ್ಲಿ ನೋಡಿದ ಸುವರ್ಣಾ ನಡುದಾರಿಯಲ್ಲೇ ನಿಲ್ಲಿಸಿ, ಇದನ್ನು ಎಲ್ಲಿ ತಂದಿರಿ ಎಂದು ಕೇಳಿದ್ದಳು.

ಸುವರ್ಣಾಳ ಕಣ್ಣು ಹೋದದ್ದು ಚೀಲದ ಬಾಯಿಗೆ. ಅಲ್ಲಿ ಸುತ್ತಲೂ ಒಂದು ಜಡೆ ಹರಿದು, ಎರಡೂ ಬದಿಯಲ್ಲಿ ಎದ್ದು, ಅದೇ ಹಿಡಿಕೆಯಾಗಿ ಹೆಗಲಿಗೆ ಏರಿತ್ತು. ಎಲ್ಲಿ ಸುರುವಾಯಿತು, ಎಲ್ಲಿ ಮುಗಿಯಿತು ಎಂಬುದು ಹುಡುಕಿದರೂ ಸಿಗುತ್ತಿರಲಿಲ್ಲ. ಅದು ಸೊಸೆ ಗೌತಮಿಯ ಕೆಲಸ.

ಗೌತಮಿ ನರಗುಂದದ ಕಡೆಯವಳು. ಮಗ ದ್ಯಾಮೇಶನನ್ನು ಮದುವೆಯಾಗಿ ಬಂದಾಗ ತೊಗಲು ಮುಟ್ಟಿದವಳಲ್ಲ. ಅತ್ತೆ ಚಪ್ಪಲಿಗೆ ಮೂರೆಳೆ ಹೆಣೆಯುವುದನ್ನು ಕಂಡು, ಆಡಿನ ತೊಗಲನ್ನು ದಾರದಷ್ಟು ಸಣ್ಣಗೆ ಸೀಳಿ, ಒದ್ದೆ ಅರಿವೆಯಲ್ಲಿ ಸುತ್ತಿ, ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಐದೆಳೆ ಹೆಣೆದು ನೋಡಿದಳು. ಬಿಚ್ಚಿದಳು. ಏಳೆಳೆ ಹೆಣೆದಳು. ಗುಡ್ಡವ್ವ ಅದನ್ನು ಕೈಯಲ್ಲಿ ಹಿಡಿದು, "ಇಷ್ಟ್ಯಾಕ ಸಣ್ಣ ಮಾಡ್ತೀಯವ್ವಾ, ಕಣ್ಣು ಹೋದಾವು" ಎಂದಿದ್ದಳು. ಆಗ ಒಳಗೆ ಏನೋ ಚುಚ್ಚಿದಂತಾದದ್ದೂ ನಿಜ. ತನ್ನ ಬೆರಳಿಗೆ ಅದು ಎಂದೂ ಬರುವುದಿಲ್ಲ ಎಂಬುದು ನೋಡಿದ ಕೂಡಲೇ ತಿಳಿದಿತ್ತು.

ತಾಸು ಎಣಿಸುವ ಕೆಲಸವನ್ನು ಗೌತಮಿ ವಹಿಸಿಕೊಂಡಳು. ಕುಳಿತಾಗ ಮೊಬೈಲಿನಲ್ಲಿ ಹೊತ್ತು ನೋಡುವುದು, ಎದ್ದಾಗ ನೋಡುವುದು, ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆಯುವುದು. ಎಡಕ್ಕೆ ಅತ್ತೆಯದು, ಬಲಕ್ಕೆ ತನ್ನದು.

"ಅತ್ತೀ, ಮಾತಾಡಬ್ಯಾಡ್ರಿ, ತಾಸು ಓಡಾಕತ್ತೈತಿ."

"ಮೂಗು ಒರಸ್ಕೊಂಡದ್ದೂ ಬರದೇನು?"

"ಅದನ್ನ ಕಳದೇನ್ರಿ. ನಿಮ್ಮ ಮೂಗಿನ ರೊಕ್ಕ ಅವ್ರ್ಯಾಕ ಕೊಡ್ತಾರ?"

ಆ ಎರಡು ವಾರ ಆ ಮನೆಯಲ್ಲಿ ನಗು ಇತ್ತು. ಮೂರು ಚೀಲ ಮುಗಿದ ಮೇಲೆ ಲೆಕ್ಕ ಗಟ್ಟಿಯಾಯಿತು. ಒಂದು ಚೀಲಕ್ಕೆ, ಕತ್ತರಿಸಿ, ಹೊಲಿದು, ಅಸ್ತರು ಹಾಕಿ ಗುಡ್ಡವ್ವನಿಗೆ ಒಂಬತ್ತು ತಾಸು. ಜಡೆಗೆ ಗೌತಮಿಯ ಏಳು.

ಅದೇ ವಾರ ದ್ಯಾಮೇಶ ಗೋವೆಯಿಂದ ಬಂದ. ಮಡಗಾಂವದಲ್ಲಿ ಕಟ್ಟಡದ ಕೆಲಸ. ಹತ್ತು ದಿನದ ರಜೆಗೆ ಬಂದವನು ಉಣ್ಣಲು ಕುಳಿತಾಗಲೇ ಮಾತು ತೆಗೆದ.

"ಗುತ್ತೇದಾರ ಈ ಸಲ ಜೋಡಿ ಇದ್ದೋರಿಗೆ ಬ್ಯಾರೆ ಖೋಲಿ ಕೊಡ್ತಾನಂತ. ಒಬ್ಬಂಟಿಗೆ ಇಲ್ಲ. ಗೌತಮಿ ಬಂದ್ರ ಹೆಣ್ಣಾಳಿಗೆ ದಿನಾ ಐನೂರು ಐತಿ. ಇಲ್ಲಿ ಬಾರು ಎಳಕೋತ ಕುಂತ್ರ ಇಕೀಗೆ ಯಾರು ಕೊಡ್ತಾರ?"

ಗೌತಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮದುವೆಯಾದ ಮೊದಲ ವರ್ಷ ಅವಳು ಗೋವೆಗೆ ಹೋಗಿದ್ದಳು. ಉಸುಕು ಹೊರುವಾಗ ಹೊಟ್ಟೆಯಲ್ಲಿದ್ದ ನಾಲ್ಕು ತಿಂಗಳಿನದು ಹೋಯಿತು. ಮುಂದೆ ಮಗಳು ಹುಟ್ಟಿದ್ದು ಇಲ್ಲಿ, ರೋಣದ ದವಾಖಾನೆಯಲ್ಲಿ. ಆಮೇಲೆ ಅವಳು ಆ ಕಡೆ ಹೋದದ್ದಿಲ್ಲ.

"ಕೊಟ್ರ ಇಲ್ಲೇ ಬಿಡ್ತೀರೇನು?" ಎಂದು ಕೇಳಿದಳು.

"ತಿಂಗಳಾ ಐದು ಸಾವಿರ ಬಂದ್ರ ನಾ ಯಾಕ ಕರೀಲಿ? ಕೂಸೂ ಇಲ್ಲೇ ಬೆಳೀತೈತಿ. ಆದ್ರ ನಿನ್ನ ಕೈಯಾಗ ಬರಬೇಕು. ಅವ್ವನ ಕೈಯಾಗಲ್ಲ."

"ನನ್ನ ಕೈಗೇನಾಗೇತೋ?" ಎಂದಳು ಗುಡ್ಡವ್ವ.

"ನಿನ್ನ ಕೈ ಚಲೋ ಐತಿ ಬೇ. ಅದರಾಗ ಬಿದ್ದದ್ದು ಹೊರಗ ಬರಂಗಿಲ್ಲ, ಅಷ್ಟ."

ಮರುದಿನ ಗೌತಮಿ ಲೆಕ್ಕ ಹಾಕಿದಳು. ಸುವರ್ಣಾ ಮೂರು ತಿಂಗಳಿಗೆ ನಲವತ್ತು ಚೀಲ ಕೇಳಿದ್ದಳು. ತಾಸಿಗೆ ಅರವತ್ತು ರೂಪಾಯಿ ಎಂದಿದ್ದಳು. ಏಳು ತಾಸಿಗೆ ನಾಲ್ಕುನೂರ ಇಪ್ಪತ್ತು. ತಿಂಗಳಿಗೆ ಐದೂವರೆ ಸಾವಿರದ ಮೇಲೆ. ಹಾಳೆಯನ್ನು ಮಡಚಿ ಅತ್ತೆಯ ಕೈಗೆ ಕೊಟ್ಟಳು.

"ಅಕ್ಕಾರು ಬಂದಾಗ ಇದನ್ನ ಅವರ ಮುಂದ ಇಡ್ರಿ ಅತ್ತಿ. ನಾ ಹೇಳಿದ್ರ ಸರಿಯಾಗಂಗಿಲ್ಲ."

ಹಿರಿಯರು ಕುಳಿತಿರುವಾಗ ಸೊಸೆ ಬೆಲೆಯ ಮಾತು ಆಡುವುದು ಆ ಮನೆಯಲ್ಲಿ ಇರಲಿಲ್ಲ. ಗುಡ್ಡವ್ವನೂ ಹೊಳಿಯಪ್ಪನ ಮುಂದೆ ಆಡಿರಲಿಲ್ಲ. ಅವಳು ಹಾಳೆಯನ್ನು ಉಡಿಗೆ ಸಿಕ್ಕಿಸಿಕೊಂಡು, "ಇಡ್ತೀನೇಳವ್ವಾ" ಎಂದಳು. ಆ ಮಾತು ಆಡುವಾಗ ಅವಳ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ.

ಸುವರ್ಣಾ ಗುರುವಾರ ಬಂದಳು. ಕಟ್ಟೆಯ ಮೇಲೆ ಚಾಪೆ ಹಾಸಿ ಕುಳಿತು, ಮೊಣಕಾಲ ಮೇಲೆ ಒಂದು ರಟ್ಟು ಇಟ್ಟುಕೊಂಡು, ಅದಕ್ಕೆ ಸಿಕ್ಕಿಸಿದ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಳು. ಬರೆದದ್ದನ್ನು ಓದಿ ಹೇಳಿದಳು: ತಯಾರಿಸಿದವರು, ಗುಡ್ಡವ್ವ, ಸವಡಿ.

ಗುಡ್ಡವ್ವ ಆ ಅಕ್ಷರಗಳನ್ನೇ ನೋಡಿದಳು. ಓದು ಅಷ್ಟಕ್ಕಷ್ಟೇ, ಆದರೆ ತನ್ನ ಹೆಸರು ಗುರುತು ಸಿಗುತ್ತಿತ್ತು. ರೇಷನ್ ಕಾರ್ಡಿನಲ್ಲಿ, ಮತದಾರರ ಪಟ್ಟಿಯಲ್ಲಿ ಅದು ಹೊಳಿಯಪ್ಪನ ಹೆಸರಿನ ಜೊತೆಗೇ ಇರುತ್ತಿತ್ತು. ಇಲ್ಲಿ ಅದರ ಹಿಂದೆ ಮುಂದೆ ಯಾರೂ ಇರಲಿಲ್ಲ.

"ತೊಗಲು ಎರಡೂವರಿ ಫೂಟು, ತೊಗಲು ಮಾರೋ ಬಾಷಾನ ಅಂಗಡಿ ರೇಟಿಗೆ ಮುನ್ನೂರ ಇಪ್ಪತ್ತೈದು," ಎಂದಳು ಸುವರ್ಣಾ. "ಅಸ್ತರು, ಜಿಪ್ಪು, ಬಕಲ್, ದಾರ, ಅಂಟು ಕೂಡಿ ನೂರಾ ನಲವತ್ತೈದು. ಈಗ ಕೈಕೆಲಸ. ಎಷ್ಟು ತಾಸು ಹಿಡೀತು?"

"ಒಂಬತ್ತು ತಾಸ್ರಿ."

ಸುವರ್ಣಾ ತಲೆ ಎತ್ತಿದಳು. "ಎಲ್ಲಾ ನೀವ ಮಾಡೋದೇನು? ಒಳಗ ಆ ಹುಡುಗಿ ಏನೋ ಹೆಣಿತಿದ್ಲೆಲ್ಲ?"

ಹಾಳೆ ಉಡಿಯಲ್ಲೇ ಇತ್ತು. ಗುಡ್ಡವ್ವನ ಕೈ ಅಲ್ಲಿಗೆ ಹೋಗಲಿಲ್ಲ.

"ಅಕೀ ನಮ್ಮ ಸೊಸಿರಿ. ಸುಮ್ನ ಕೈ ಹಚ್ಚತಾಳ."

ಹೇಳಿ ಮುಗಿಸುವಾಗ ಬಾಗಿಲಲ್ಲಿ ಗೌತಮಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಮುಂದೆ ಬಂದು, ಬಗ್ಗಿ, ಸುವರ್ಣಾಳ ಹತ್ತಿರ ಒಂದು ಕಪ್ಪು, ಅತ್ತೆಯ ಹತ್ತಿರ ಒಂದು ಕಪ್ಪು ಇಟ್ಟು ಒಳಗೆ ಹೋದಳು.

ಒಂಬತ್ತು ತಾಸಿಗೆ ಐದುನೂರ ನಲವತ್ತು. ಕೆಟ್ಟುಹೋಗುವ ತುಂಡುಗಳಿಗೆಂದು ತೊಂಬತ್ತು ಸೇರಿಸಿ ಸುವರ್ಣಾ ಸಾವಿರದ ನೂರು ಎಂದು ಬರೆದಳು. ಮಾರ್ಚ್ ತನಕ ಇದೇ ಬೆಲೆ, ನಡುವೆ ಬದಲಿಸುವ ಹಾಗಿಲ್ಲ ಎಂದಳು. ಗುಡ್ಡವ್ವ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು.

ಸಂಜೆ ಗೌತಮಿ ಒಲೆಯ ಮುಂದೆ ಕುಳಿತೇ ಕೇಳಿದಳು. ಧ್ವನಿ ಏರಿರಲಿಲ್ಲ.

"ಹಾಳಿ ಯಾಕ ಕೊಡ್ಲಿಲ್ರಿ?"

"ಬೆಲಿ ಏರಿದ್ರ ಮಾಲ ಬ್ಯಾಡಂದಾರು ಅಂತ ಅಂಜಿದ್ನೆವ್ವಾ."

"ಕೇಳಿ ನೋಡಬೇಕಿತ್ರಿ. ಬ್ಯಾಡಂದ್ರ ಬಿಡೂದಿತ್ತು."

"ಮನಿ ಮಂದಿಗೆ ಯಾರು ತಾಸು ಹಿಡೀತಾರ ಗೌತಮಿ? ನನಗ ಯಾರು ಹಿಡದಿದ್ರು?"

"ಹಿಡೀಲಿಲ್ಲ ಅಂತ ನೀವ ಹೇಳ್ತಿದ್ರೆಲ್ರಿ. ಅಳಕೋತ."

ಗುಡ್ಡವ್ವ, "ಬಂದದ್ರಾಗ ನಿನಗೂ ಕೊಡ್ತೀನಿ ತಗೋ" ಎಂದಳು.

"ನಿಮ್ಮ ಒಂಬತ್ತು ತಾಸಿನ ರೊಕ್ಕ ನನಗ್ಯಾಕ್ರಿ."

ಹೊರಗೆ ಕಟ್ಟೆಯ ಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ದ್ಯಾಮೇಶನಿಗೆ ಎಲ್ಲವೂ ಕೇಳಿಸಿತ್ತು. ಮರುದಿನ ರೋಣಕ್ಕೆ ಹೋಗಿ ಬರುವಾಗ ಎರಡು ದೊಡ್ಡ ಬ್ಯಾಗು ತಂದ.

ಉಳಿದ ಮೂರು ದಿನ ಗೌತಮಿ ಜಡೆ ಹೆಣೆಯುವುದನ್ನು ಬಿಡಲಿಲ್ಲ. ಮೊಬೈಲು ಪಕ್ಕದಲ್ಲಿರಲಿಲ್ಲ. ಮೊದಲು ಹೆಣೆದಿಟ್ಟವೂ ಸೇರಿ ಹನ್ನೊಂದು ಚೀಲಕ್ಕಾಗುವಷ್ಟು ಜಡೆಯನ್ನು ಅರಿವೆಯಲ್ಲಿ ಸುತ್ತಿ, ಗೂಟಕ್ಕೆ ನೇತು ಹಾಕಿದಳು. ಸೋಮವಾರ ಮುಂಜಾನೆಯ ಬಸ್ಸಿಗೆ ಮೂವರೂ ಹೊರಟರು. ರೋಣ, ಗದಗ, ಅಲ್ಲಿಂದ ರೈಲು. ಬಸ್ಸು ಬರುವ ತನಕ ಗೌತಮಿ ಅತ್ತೆಗೆ ಹಿಟ್ಟು ಎಲ್ಲಿದೆ, ಗ್ಯಾಸಿನ ಪುಸ್ತಕ ಎಲ್ಲಿದೆ ಎಂದು ಹೇಳುತ್ತಲೇ ಇದ್ದಳು. ಕಾಲಿಗೆ ಬಿದ್ದಳು. ಗುಡ್ಡವ್ವ ಅವಳ ತಲೆಯ ಮೇಲೆ ಕೈ ಇಟ್ಟಳು. ಬಸ್ಸು ಮೂಲೆ ತಿರುಗುವ ತನಕ ನಿಂತಿದ್ದಳು.

ಹನ್ನೊಂದು ಚೀಲ ಹೋದವು. ಹನ್ನೆರಡನೆಯದಕ್ಕೆ ಜಡೆ ಇರಲಿಲ್ಲ.

ಗುಡ್ಡವ್ವ ಜಡೆ ಹೆಣೆಯಲು ಓಣಿಯ ಕಲ್ಲವ್ವನನ್ನು ಕರೆದಳು. ಕಲ್ಲವ್ವ ಹೊಲದ ಕೂಲಿ ಬಿಟ್ಟು ಬರಬೇಕು, ದಿನಕ್ಕೆ ಮುನ್ನೂರು ಕೇಳಿದಳು. ಏಳೆಳೆ ಅವಳಿಗೆ ಬರಲಿಲ್ಲ. ಐದೆಳೆಯಲ್ಲೂ ಎರಡು ಎಳೆ ಮೇಲೆ ಕೆಳಗೆ ಆಗುತ್ತಿದ್ದವು. ಒಂದು ಜಡೆಗೆ ಎರಡು ದಿನ.

"ಗೌತಮಿಗೆ ಎಷ್ಟು ಕೊಡ್ತಿದ್ದೆವ್ವಾ ನೀ?" ಎಂದು ಕಲ್ಲವ್ವ ಒಮ್ಮೆ ಕೇಳಿದಳು.

"ಅಕೀ ಸೊಸಿ ಅಲ್ಲೇನ."

"ಅಂದ್ರ ಏನೂ ಇಲ್ಲ ಅನ್ನು. ಅದಕ್ಕ ಅಷ್ಟು ಚಂದ ಹೆಣಿತಿದ್ಲು."

ಕಲ್ಲವ್ವ ಚುಚ್ಚಿ ಆಡಿದ ಮಾತಲ್ಲ, ನಗೆಗೆ ಆಡಿದ್ದು. ಗುಡ್ಡವ್ವ ನಕ್ಕಳು. ಆದರೆ ಆ ದಿನ ಅವಳ ಹೊಲಿಗೆ ಓರೆಯಾಯಿತು.

ಕೂಲಿ ಆರುನೂರು ಹೋದರೆ ಸಾವಿರದ ನೂರರಲ್ಲಿ ಉಳಿಯುವುದು ಐದುನೂರು. ತೊಗಲು ಅಸ್ತರಿಗೇ ನಾಲ್ಕುನೂರ ಎಪ್ಪತ್ತು. ತನ್ನ ಒಂಬತ್ತು ತಾಸಿಗೆ ಮೂವತ್ತು ರೂಪಾಯಿ. ಈ ಲೆಕ್ಕವನ್ನು ಅವಳು ಬೆರಳ ಮೇಲೆ ಮೂರು ಸಲ ಮಾಡಿ ನೋಡಿದಳು. ಚೀಲದ ಬೆಲೆ ಕಟ್ಟಿದಾಗ ಇಲ್ಲದ ಖರ್ಚು ಈಗ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದ್ದರೆ ಅವಳಿಗೆ ಉತ್ತರ ಗೊತ್ತಿತ್ತು.

ಬೆಲೆ ಏರಿದರೆ ಬೇಡವೆಂದಾರು ಎಂದು ಅಂಜಿದೆ ಎಂಬುದನ್ನು ಗುಡ್ಡವ್ವ ಕೆಲವು ದಿನ ತಾನೇ ನಂಬಿದ್ದಳು. ಒಬ್ಬಳೇ ಕುಳಿತು ಆರಿಯಿಂದ ತೂತು ಹಾಕುವಾಗ ಆ ಮಾತು ನಿಲ್ಲಲಿಲ್ಲ. ಅಂಜಿಕೆ ಇತ್ತು, ಆದರೆ ಮೊದಲು ಬಂದದ್ದು ಅದಲ್ಲ. ಆ ಹಾಳೆಯ ಮೇಲೆ ತನ್ನ ಹೆಸರು ಒಂದೇ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಹೆಸರು ಬರುವುದು ಅವಳಿಗೆ ಬೇಕಾಗಿರಲಿಲ್ಲ. ಮೂವತ್ತು ವರ್ಷ ಬಾಗಿಲ ಒಳಗೆ ಕುಳಿತವಳಿಗೆ ಹೊರಗಿನ ಕಟ್ಟೆ ಸಿಕ್ಕಿತ್ತು. ಕುಳಿತ ಕೂಡಲೇ ಅವಳು ಮಾಡಿದ ಮೊದಲ ಕೆಲಸವೆಂದರೆ ಹಿಂದಿನ ಬಾಗಿಲು ಹಾಕಿದ್ದು. ಇದನ್ನು ಹೊಳಿಯಪ್ಪ ಮಾಡಿದಾಗ ಅವನಿಗೆ ತಿಳಿಯದೆ ಮಾಡಿದ ಎಂದಾದರೂ ಅನ್ನಬಹುದಿತ್ತು. ತನಗೆ ತಿಳಿದಿತ್ತು.

ಅವಳು ರೋಣಕ್ಕೆ ಹೋದಳು. ಸುವರ್ಣಾಳ ಮನೆ ಪೇಟೆಯ ಹಿಂದೆ. ಪಡಸಾಲೆಯಲ್ಲಿ ಕಡಲೆಯ ಚೀಲ ಒಟ್ಟಿದ್ದರು. ಸುವರ್ಣಾ ಒಳಗಿನಿಂದ ಎರಡು ಚೀಲ ತಂದು ಮುಂದಿಟ್ಟಳು. ಕಲ್ಲವ್ವ ಹೆಣೆದವು.

"ಇವನ್ನ ಅಂಗಡಿಯವರು ವಾಪಸ್ ಕಳಿಸ್ಯಾರ ಗುಡ್ಡವ್ವಾರ. ಜಡಿ ಮೊದಲಿನಂಗಿಲ್ಲ ಅಂತಾರ. ನಿಮ್ಮ ಕೈಗೆ ಏನರ ಆಗೇತೇನು?"

"ನನ್ನ ಕೈ ಅಲ್ರಿ ಅಕ್ಕಾರ. ಆ ಜಡಿ ನಾ ಹೆಣದದ್ದಲ್ಲ, ಒಂದೂ. ಎಲ್ಲಾ ಗೌತಮಿ ಹೆಣದದ್ದು. ಅದಕ್ಕ ಏಳು ತಾಸು ಹಿಡೀತಿತ್ತು."

ಸುವರ್ಣಾ ಅವಳ ಮುಖವನ್ನೇ ನೋಡಿದಳು. "ಅವತ್ತ ನಾ ಕೇಳಿದ್ನೆಲ್ಲ?"

"ಕೇಳಿದ್ರಿ."

"ಎರಡು ಮಂದಿ ಅಂದಿದ್ರ ನಾ ಎರಡು ಮಂದಿ ಅಂತ ಬರೀತಿದ್ದೆ."

"ಒಪ್ಪತಿದ್ರೇನ್ರಿ ಅಂಗಡ್ಯಾರು? ಸಾವಿರದ ಐನೂರರ ಮ್ಯಾಲ ಹೋಗತಿತ್ತು."

"ಒಪ್ಪತಿದ್ರೋ ಇಲ್ಲೋ, ಈಗ ಹ್ಯಾಂಗ ಹೇಳ್ಲಿ? ಕೇಳಬಹುದಿತ್ತು." ಅವಳು ರಟ್ಟಿನಿಂದ ಹಾಳೆ ಬಿಡಿಸಿ ತೆಗೆದಳು. "ಈಗ ಮಾರ್ಚ್ ತನಕ ಬೆಲಿ ಬದಲಾಗಂಗಿಲ್ಲ. ಜಡಿ ಇಲ್ಲದ, ಬರೇ ಪಟ್ಟಿ ಹಿಡಿಕಿ ಹಚ್ಚಿದ್ರ ಎಂಟುನೂರಕ್ಕ ತಗೋತಾರಂತ. ಹೆಸರು ಬೇಕಾದ್ರ ಸೇರಸ್ತೀನಿ. ಅದಕ್ಕ ರೊಕ್ಕ ಏನೂ ಬರಂಗಿಲ್ಲ ಮತ್ತ."

"ಬರೀರಿ. ಗೌತಮಿ, ಸವಡಿ."

ಸುವರ್ಣಾ ಬರೆದಳು. ಮೇಲಿನ ಸಾಲಿನಲ್ಲಿ ಜಾಗ ಇರಲಿಲ್ಲ. ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಹಿಡಿಸಿದಳು.

ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕುಳಿತು ಗುಡ್ಡವ್ವ ಗೋವೆಗೆ ಫೋನ್ ಹಚ್ಚಿದಳು. ವಾಪಸು ಬಂದ ಎರಡು ಚೀಲ ತೊಡೆಯ ಮೇಲಿದ್ದವು. ಮಧ್ಯಾಹ್ನದ ಊಟದ ಹೊತ್ತು, ಗೌತಮಿ ಎತ್ತಿದಳು. ಹಿಂದೆ ಯಾವುದೋ ಯಂತ್ರ ಕಲ್ಲು ತಿರುವುತ್ತಿತ್ತು.

"ಉಂಡ್ಯೇನವ್ವಾ?"

"ಈಗ ಕುಂತೀನ್ರಿ. ನೀವು?"

"ಗೌತಮಿ, ನಿನ್ನ ಹೆಸರು ಬರಸೇನಿ. ಅಕ್ಕಾರ ಹಾಳ್ಯಾಗ. ಮಾರ್ಚ್ ಮುಗದ ಮ್ಯಾಲ ಬೆಲಿ ಹೊಸದಾಗಿ ಕಟ್ಟತಾರ. ಅವಾಗ ಏಳು ತಾಸೂ ಹಿಡಸ್ತೀನಿ. ನನ್ನ ಒಂಬತ್ತರ ಮೊದಲ ಅದನ್ನ ಹೇಳ್ತೀನಿ. ಬಾ ಯವ್ವಾ."

ಯಂತ್ರದ ಸದ್ದು ನಡುವೆ ನಿಂತು ಮತ್ತೆ ಸುರುವಾಯಿತು.

"ಚಲೋ ಆತ್ರಿ," ಎಂದಳು ಗೌತಮಿ. ಸಿಟ್ಟಿನಿಂದ ಅಂದದ್ದಲ್ಲ. ಪಕ್ಕದ ಮನೆಯವರ ಸುದ್ದಿ ಕೇಳಿ ಅನ್ನುವ ಹಾಗೆ ಅಂದಳು. "ಇಲ್ಲಿ ಸಿಮೆಂಟಿಗೆ ಬೆರಳು ಒಡದಾವ್ರಿ ಅತ್ತಿ. ಬಾರು ಹಿಡಿಯಾಕ ಬರತೈತೋ ಇಲ್ಲೋ."

"ಕೊಬ್ಬರಿ ಎಣ್ಣಿ ಹಚ್ಚು."

"ಹಚ್ಚತೀನ್ರಿ. ನಾನ ನಿಮಗ ಫೋನ್ ಮಾಡಾಕಿ ಇದ್ದೆ. ಇಲ್ಲಿ ಕನ್ನಡ ಸಾಲಿ ಐತ್ರಿ. ಜೂನಿಗೆ ಕೂಸಿನ್ನ ಒಂದನೆತ್ತಾಗ ಹಚ್ಚತೀವಿ. ಅದರ ಹುಟ್ಟಿದ ದಾಖಲಿ ನಮ್ಮ ಟ್ರಂಕಿನಾಗ ಐತಿ, ಕೆಳಗ, ಪ್ಲಾಸ್ಟಿಕ್ ಚೀಲದಾಗ. ನಮ್ಮ ಓಣ್ಯಾಗಿನ ಪರಶು ಮಾವ ಬರೂ ಸೋಮವಾರ ಇಲ್ಲಿಗೆ ಬರಾಕತ್ಯಾನ. ಅವನ ಕೈಯಾಗ ಕೊಟ್ಟು ಕಳಸ್ರಿ."

"ಅಲ್ಲೇ ಹಚ್ಚತೀರಿ?"

"ಹೂಂನ್ರಿ." ಯಾರೋ ಅವಳನ್ನು ಕರೆದರು. "ಇಡ್ತೀನ್ರಿ ಅತ್ತಿ, ಮಿಸ್ತ್ರಿ ಕರ್ಯಾಕತ್ಯಾನ."

ಟ್ರಂಕಿನ ತಳದಲ್ಲಿ ದಾಖಲೆ ಸಿಕ್ಕಿತು. ಸೋಮವಾರ ಮುಂಜಾನೆ ಗುಡ್ಡವ್ವ ಅದನ್ನು ಅಸ್ತರಿನ ಅರಿವೆಯಲ್ಲಿ ಸುತ್ತಿ ಪರಶುವಿನ ಮನೆಗೆ ಒಯ್ದಳು. ಅವನು ಬ್ಯಾಗಿನ ಜಿಪ್ಪು ಹಾಕುತ್ತಿದ್ದವನು ಮತ್ತೆ ತೆಗೆದು, ಮಡಚದೆ, ಅಂಗಿಗಳ ನಡುವೆ ಚಪ್ಪಟೆಯಾಗಿ ಇಟ್ಟುಕೊಂಡ.

"ಗೌತಮಿಗೆ ಮತ್ತೇನರ ಹೇಳೂದೈತೇನು ಚಿಗವ್ವಾ?"

ಅವಳು ಹೊಸ್ತಿಲ ಹೊರಗೆ ನಿಂತಿದ್ದಳು. ಬಸ್ಸಿಗೆ ಇನ್ನೂ ಹೊತ್ತಿತ್ತು, ಅವನಿಗೆ ಅವಸರವಿರಲಿಲ್ಲ, ಕಾಯುತ್ತಿದ್ದ.

"ಏನಿಲ್ಲಪ್ಪಾ," ಎಂದಳು. "ಜ್ವಾಕಿಲೆ ಮುಟ್ಟಸು."